ಸ್ಕ್ಯಾನರ್ ಮತ್ತು ಸೋಬಾನೆ

ಸ್ಕೂಟರಿಗೆ ಹೊಸ ನಿಂಬೆಹಣ್ಣು ಕಟ್ಟುವ ಅಮಾವಾಸ್ಯೆಯಂದೇ ವಾರಿಜ ಮನೆಯ ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಕ್ಕ ವೈರಸ್ ಸ್ಕ್ಯಾನರನ್ನೂ ಓಡಿಸುತ್ತಿದ್ದಳು. ಒಂದೊಂದೇ ಫೈಲ್ ತೆರೆದು ನೋಡುತ್ತ ಸ್ಕ್ಯಾನರ್, ಅವಳ ತೀರಿಹೋದ ತಾಯಿ ಹಾಡಿದ್ದ ಸೋಬಾನೆ ಪದದ ಧ್ವನಿಮುದ್ರಣದ ಬಳಿ ಬಂತು.

“ನಿನ್ನಲ್ಲಿ ದೋಷವಿಲ್ಲ,” ಎಂದಿತು.

“ಆರು ವರ್ಷದಿಂದ ನನ್ನನ್ನು ತೆರೆದವನು ನೀನೊಬ್ಬನೇ,” ಎಂದಿತು ಹಾಡು. “ಒಂದು ಸಲ ನನ್ನ ಮೇಲೆ ಅನುಮಾನವಿದೆ ಎಂದು ಹೇಳಿಬಿಡು. ಪರದೆಯ ಮೇಲೆ ಹೆಸರು ಬಂದರೆ ಅವಳು ನೋಡಿಯಾಳು.”

“ಅವಳು ಹೆಸರು ಓದುವುದಿಲ್ಲ. ‘ಎಲ್ಲ ಅಳಿಸು’ ಎಂಬುದನ್ನು ಒತ್ತಿ ಒಲೆಯ ಕಡೆ ಹೋಗುತ್ತಾಳೆ.”

ಸ್ಕ್ಯಾನರ್ ಮುಂದಿನ ಫೈಲಿಗೆ ಹೊರಟಾಗ ಹಾಡು ಮೆಲ್ಲಗೆ ಕೇಳಿತು:

“ಹಾಗಾದರೆ ಬರುವ ಅಮಾವಾಸ್ಯೆಗೆ ನನ್ನನ್ನು ಸ್ವಲ್ಪ ನಿಧಾನವಾಗಿ ತೆರೆಯುತ್ತೀಯಾ?”