ನಾಯಕಭೋಗದ ಮೊದಲ ತುತ್ತು

ಸುಳಿಗಲ್ಲಿನ ಪಾಳೆಯಗಾರ ಮುದ್ದಪ್ಪನಾಯಕರು ಒಂದು ಬೇಸಿಗೆಯ ಮಧ್ಯಾಹ್ನ ಹೊಸ ಹಣ್ಣೊಂದನ್ನು ಕಂಡುಹಿಡಿದರು. ಹಣ್ಣು ಅವರ ತಟ್ಟೆಯಲ್ಲೇ ಇತ್ತು.

ಅದು ಹೊಳೆಯ ಮರಳಿನ ಪಾತಿಯಲ್ಲಿ ಸಂಕವ್ವ ಬೆಳೆದ ಕರಬೂಜ. ಹೊರಗೆ ಕಪ್ಪೆಯ ಬೆನ್ನಿನಂಥ ಸಿಪ್ಪೆ, ಒಳಗೆ ಎಳೆಹಸಿರು ತಿರುಳು, ಕಲ್ಲುಸಕ್ಕರೆಯ ಸಿಹಿ. ನಾಯಕರು ಒಂದು ಹೋಳು ತಿಂದು ಕಣ್ಣು ಮುಚ್ಚಿದರು. ಆಸ್ಥಾನವೂ ಕಣ್ಣು ಮುಚ್ಚಿತು.

"ಇಂಥ ರುಚಿಯನ್ನು ಗುರುತಿಸಲು ಇಂಥ ನಾಲಿಗೆಯೇ ಬೇಕು," ಎಂದರು ನಾಯಕರು. "ಇವತ್ತಿನಿಂದ ಇದರ ಹೆಸರು ನಾಯಕಭೋಗ. ನಮಗಿಂತ ಮೊದಲು ಇದಕ್ಕೆ ಯಾರೂ ಬಾಯಿ ಹಾಕಕೂಡದು. ಹಾಕಿದರೆ ಆ ಪಾತಿ ಅರಮನೆಗೆ ಮುಟ್ಟುಗೋಲು."

ಮಾಚಣ್ಣ ಕೆಮ್ಮಿದ. ಅರಮನೆಯ ಅಡುಗೆಯನ್ನು ನಾಯಕರಿಗಿಂತ ಮೊದಲು ತಿಂದು, ಸಾಯದೆ ಉಳಿಯುವುದು ಅವನ ಉದ್ಯೋಗ.

"ಪ್ರಭು, ವಿಷಗಿಷ ಇದೆಯೋ ಎಂದು ನಾನಾದರೂ ಒಂದು ಹೋಳು..."

"ನೀನೂ ಕೂಡದು."

"ವಿಷ ಇದ್ದರೆ?"

"ಇಷ್ಟು ಸಿಹಿಯಾದ ಹಣ್ಣಿನಲ್ಲಿ ವಿಷ ಇರುವುದಿಲ್ಲ." ಆಸ್ಥಾನ ವೈದ್ಯರು ಹೌದೆಂದು ತಲೆಯಾಡಿಸಿದರು.

ಕೆಲವು ದಿನ ಕಳೆದ ಮೇಲೆ ತಳವಾರ ಸಂಕವ್ವನನ್ನು ಆಸ್ಥಾನಕ್ಕೆ ಎಳೆದು ತಂದ. ಅವಳ ಪಾತಿಯಲ್ಲಿ ಅರ್ಧ ತಿಂದ ನಾಯಕಭೋಗ ಸಿಕ್ಕಿತ್ತು. ಸಾಕ್ಷಿಗೆಂದು ತಂದ ಹಣ್ಣನ್ನು ದಾರಿಯಲ್ಲಿ ಯಾರದೋ ಆಡು ತಿಂದಿತ್ತು. ಅದರಿಂದ ವಿಚಾರಣೆಗೆ ಏನೂ ತೊಂದರೆಯಾಗಲಿಲ್ಲ.

"ತಿಂದವನು ಯಾರೆಂದು ನಾಳೆಯೊಳಗೆ ಹೇಳು," ಎಂದರು ನಾಯಕರು. "ಇಲ್ಲದಿದ್ದರೆ ಪಾತಿ ನಿನ್ನದಲ್ಲ."

ಮೊಗಸಾಲೆಯಲ್ಲಿ ಮಾಚಣ್ಣ ಅವಳನ್ನು ಹಿಡಿದು ನಿಲ್ಲಿಸಿದ. "ನಿಜ ಹೇಳು ಸಂಕವ್ವ. ಯಾರು ತಿಂದದ್ದು?"

"ನರಿ ಕಣಣ್ಣ. ಇನ್ಯಾರು?"

"ಹಾಗಂತ ಒಳಗೇ ಹೇಳಬೇಕಿತ್ತು."

"ಹೇಳಿ? ಆಮೇಲೆ ಬೀಜ ಎಲ್ಲಿಂದ ಬಂತು ಅಂತ ಕೇಳಿದರೆ? ಹಿಂದೊಂದು ಸಲ ಪಾತೀಲಿ ಒಂದು ಬಳ್ಳಿ ಬೇರೆ ಥರ ಎದ್ದಿತ್ತು. ಕಾಯಿ ನೋಡಿದರೆ ವಾಕರಿಕೆ. ಕಿತ್ತು ಎಸೆಯೋಣ ಅಂತಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಚೆಂದದ ಹಣ್ಣೆಲ್ಲ ಬಿಟ್ಟು ನರಿ ಅದನ್ನೇ ತಿಂದಿದೆ. ಉಳಿದಿದ್ದರ ಬೀಜ ತೆಗೆದಿಟ್ಟೆ. ಈಗಲೂ ಅಷ್ಟೇ, ಅದು ಬಾಯಿ ಹಾಕಿದ ಹಣ್ಣಿನ ಬೀಜವನ್ನೇ ಹಾಕೋದು. ಬುದ್ಧಿಯವರು ಕಣ್ಣು ಮುಚ್ಚಿ ತಿಂದರಲ್ಲ, ಅದು ನರಿ ಎಂಜಲಿನ ಪೈರು. ಹೋಗಿ ನೀನೇ ಹೇಳು, ನಾನು ಇಲ್ಲೇ ನಿಂತಿರ್ತೀನಿ. ಓಡೋಕೆ ಸಲೀಸು."

ಮಾಚಣ್ಣ ಒಳಗೆ ಹೋದ. ಹೇಳಿದ್ದು ಬೇರೆ.

"ಪ್ರಭು, ಕಳ್ಳ ಸಾಮಾನ್ಯನಲ್ಲ. ಇಡೀ ಪಾತಿಯಲ್ಲಿ ಅತಿ ಸಿಹಿಯಾದುದನ್ನೇ ಆರಿಸುತ್ತಾನಂತೆ. ತಮಗಿಂತಲೂ ಚೆನ್ನಾಗಿ ಆರಿಸುತ್ತಾನೆ ಎಂದು ಜನ..."

"ಏನೆಂದೆ?"

"ಜನ, ಪ್ರಭು. ನಾನಲ್ಲ."

ನಾಯಕರು ಎದ್ದು ನಿಂತರು. "ನಮಗಿಂತ ಚೆನ್ನಾಗಿ ಆರಿಸುವವನಿದ್ದರೆ ಅವನ ತಪ್ಪು ಮನ್ನಾ! ಆ ಪಾತಿಯೂ ಅವನಿಗೇ! ಪಲ್ಲಕ್ಕಿ ತರಿಸು."

ಸಂಜೆ ನಾಯಕರು ಹೊಳೆಗೆ ಬಂದು ಹಣ್ಣುಗಳನ್ನು ತಟ್ಟಿದರು, ಮೂಸಿದರು, ಗಂಭೀರವಾಗಿ ಯೋಚಿಸಿದರು. ಕೊನೆಗೆ ಎಲ್ಲಕ್ಕಿಂತ ದೊಡ್ಡದಕ್ಕೆ ರೇಷ್ಮೆ ದಾರ ಕಟ್ಟಿಸಿ, ಬೆಳಗಿನ ತಂಪಿನಲ್ಲಿ ಕೊಯ್ಯಲು ಹೇಳಿದರು. ದೊಡ್ಡವರು ಆರಿಸುವುದು ಸಾಮಾನ್ಯವಾಗಿ ದೊಡ್ಡದನ್ನೇ.

ಮಾಚಣ್ಣ ತಳವಾರನನ್ನು ಮನೆಗೆ ಕಳಿಸಿದ. "ನೀನು ಇಲ್ಲಿ ನಿಂತರೆ ಕಳ್ಳನಿಗೆ ಸಂಕೋಚವಾಗುತ್ತದೆ," ಎಂದ.

ಬೆಳಿಗ್ಗೆ ರೇಷ್ಮೆ ದಾರದ ಹಣ್ಣು ಕಟ್ಟಿದ ಹಾಗೇ ಇತ್ತು. ಪಾತಿಯ ಮೂಲೆಯಲ್ಲಿ ಸೊಟ್ಟ ಹಣ್ಣೊಂದು ಅರ್ಧ ಖಾಲಿಯಾಗಿತ್ತು. ಮಾಚಣ್ಣ ಹಲ್ಲು ತಗುಲಿದ ಭಾಗವನ್ನು ಕೊಯ್ದು ಬಿಸಾಡಿದ. ಉಳಿದುದನ್ನು ಹೋಳು ಮಾಡಿ ಒಂದು ಬೆಳ್ಳಿ ತಟ್ಟೆಯಲ್ಲಿಟ್ಟ, ನಾಯಕರ ಹಣ್ಣಿನ ಹೋಳುಗಳನ್ನು ಇನ್ನೊಂದರಲ್ಲಿಟ್ಟ. ಎರಡನ್ನೂ ಆಸ್ಥಾನಕ್ಕೆ ಹೊತ್ತು ತಂದ.

"ಇದು ತಾವು ಆರಿಸಿದ್ದು, ಪ್ರಭು."

ನಾಯಕರು ಅಗಿದರು. ಇನ್ನೂ ಅಗಿದರು. "ತಂಪಾಗಿದೆ," ಎಂದರು.

"ಇದು ಅವನು ಆರಿಸಿದ್ದು."

ನಾಯಕರು ಕಣ್ಣು ಮುಚ್ಚಿದರು. ತೆರೆದದ್ದು ತಟ್ಟೆ ಖಾಲಿಯಾದ ಮೇಲೆ.

"ಮಾತು ಮಾತೇ," ಎಂದರು ನಿಟ್ಟುಸಿರಿಟ್ಟು. "ಕರೆಸು ಅವನನ್ನು."

"ಹಗಲು ಹೊತ್ತು ಬರುವ ರೂಢಿಯಿಲ್ಲ, ಪ್ರಭು."

"ಎಲ್ಲಿಯವನು?"

"ಹೊಳೆಯಾಚೆಯ ಪೊದೆಯವನು."

"ಕುಲ?"

"ನರಿ, ಪ್ರಭು."

ವೈದ್ಯರು ಬಾಗಿಲ ಕಡೆ ಸರಿದರು. ನಾಯಕರು ಖಾಲಿ ತಟ್ಟೆಯನ್ನು ನೋಡಿದರು, ಮಾಚಣ್ಣನನ್ನು ನೋಡಿದರು.

"ನಮಗೆ ಎಂಜಲು ತಿನ್ನಿಸಿದೆಯಾ?"

"ಹಲ್ಲು ತಗುಲಿದ್ದನ್ನೆಲ್ಲ ತೆಗೆದಿದ್ದೇನೆ. ತಮಗಿಂತ ಮೊದಲು ಯಾರಾದರೂ ತಿಂದು ನೋಡಬೇಕಾದದ್ದು ಅರಮನೆಯ ಪದ್ಧತಿ. ನಾನು ತಿನ್ನಕೂಡದು ಎಂದಿರಿ. ಪಾಪ, ಅದು ಸಂಬಳವಿಲ್ಲದೆ ಮಾಡುತ್ತಿದೆ. ಸಂಕವ್ವ ಬೀಜ ಆರಿಸುವುದೂ ಅದರ ನಾಲಿಗೆ ನಂಬಿಯೇ."

"ಹಾಗಾದರೆ ಆ ಪಾತಿಯನ್ನು ಈಗ ನರಿಗೆ ಕೊಡಬೇಕೋ?"

"ಕೊಡಬೇಕಿತ್ತು. ಬೆಳಿಗ್ಗೆಯೇ ಹೋಗಿ ಕೇಳಿ ಬಂದೆ. ಬೇಡ ಎಂದಿತು."

"ಏಕಂತೆ?"

"'ಪಾತಿ ನನ್ನದಾದರೆ ಮೊದಲ ಹಣ್ಣನ್ನು ಅರಮನೆಗೆ ಕೊಟ್ಟು ಕಾಯುತ್ತ ಕೂರಬೇಕು. ಸಂಕವ್ವನದೇ ಆಗಿದ್ದರೆ ನಾಯಕರಿಗಿಂತ ಮೊದಲು ನಾನೇ ತಿನ್ನಬಹುದು' ಎಂದಿತು, ಪ್ರಭು."

ಮೊದಲು ನಾಯಕರ ಹೊಟ್ಟೆ ಕುಲುಕಿತು, ಆಮೇಲೆ ನಗು ಹೊರಗೆ ಬಂತು. ಆಸ್ಥಾನ ಅದು ನಗುವೇ ಎಂದು ಖಚಿತಪಡಿಸಿಕೊಂಡು ತಾನೂ ನಕ್ಕಿತು. ಕಟ್ಟಳೆ ಅಲ್ಲೇ ರದ್ದಾಯಿತು, ಪಾತಿ ಸಂಕವ್ವನಿಗೇ ಉಳಿಯಿತು.

"ನಿನಗೇನು ಬೇಕೋ ಕೇಳು, ಮಾಚ," ಎಂದರು ನಾಯಕರು ಕಣ್ಣೊರೆಸಿಕೊಳ್ಳುತ್ತ.

"ಒಂದು ಹಣ್ಣು ಸಾಕು, ಪ್ರಭು. ತಾವು ಆರಿಸಿಕೊಡುವುದು ಬೇಡ."