ಎರಡು ಹೊಸ ಟೈರು

"ಗುರುಗಳೇ, ಕೈಯಲ್ಲಿರುವುದು ಸಾಲದಾದಾಗ ಒಳ್ಳೆಯದನ್ನು ಆರಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ. ಬೇಸಿಗೆಗೆ ಮುಂಚೆ ಮಠದ ಕಾರಿಗೆ ಟೈರು ತರುವ ಹೊಣೆ ಅವನ ಮೇಲಿತ್ತು.

ಗುರುಗಳು ಹೇಳಿದರು:

ಬಯಲುಸೀಮೆಯಲ್ಲಿ ಬಾಡಿಗೆ ಕಾರು ಓಡಿಸುವ ಹೆಂಗಸೊಬ್ಬಳಿದ್ದಳು. ರೋಗಿಗಳನ್ನು ದೂರದ ಆಸ್ಪತ್ರೆಗೆ ಮುಟ್ಟಿಸುವುದು ಅವಳ ಕಸುಬು. ಶಿವರಾತ್ರಿ ಕಳೆದು ಡಾಂಬರು ಕಾಯತೊಡಗಿತು. ಅವಳ ಕಾರಿನ ನಾಲ್ಕು ಟೈರುಗಳೂ ಹಳೆಯವು. ಎರಡಂತೂ ಪೂರಾ ಸವೆದು ನುಣ್ಣಗಾಗಿದ್ದವು. ಎರಡು ಟೈರಿಗಾಗುವಷ್ಟೇ ಹಣ ಹಿಡಿದು ಅವಳು ಅಂಗಡಿಗೆ ಹೋದಳು.

"ಎರಡರ ಬೆಲೆಗೆ ನಾಲ್ಕು ಕೊಡುತ್ತೇನೆ ತಾಯಿ. ಹೊಳಪು ನೋಡಿ" ಎಂದ ವರ್ತಕ.

ಅವಳು ಟೈರಿನ ಪಕ್ಕವನ್ನು ಹೆಬ್ಬೆರಳಿನಿಂದ ಒತ್ತಿದಳು. ಕೂದಲೆಳೆಯಂಥ ಬಿರುಕುಗಳು ಬಾಯಿಬಿಟ್ಟವು. ಮಳಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಮಾಲು ಅದು.

"ಇವು ಬಿಸಿಲು ತಡೆಯುತ್ತವೆಯೇ?"

ವರ್ತಕ ಬಟ್ಟೆ ತೆಗೆದುಕೊಂಡು ಟೈರು ಒರೆಸತೊಡಗಿದ.

ಅವಳು ದೊಡ್ಡ ಹೆಸರಿಲ್ಲದ, ಆದರೆ ಈಚೆಗೆ ತಯಾರಾದ ಗಟ್ಟಿ ಟೈರು ಎರಡನ್ನು ಮಾತ್ರ ಕೊಂಡಳು. ಅವನ್ನು ಹಿಂದೆ ಹಾಕಿಸಿ, ಹಳೆಯವುಗಳಲ್ಲಿ ವಾಸಿಯಾದ ಎರಡನ್ನು ಮುಂದಕ್ಕೆ ಹಾಕಿಸಿದಳು. ಅವನ್ನೂ ಬದಲಿಸುವವರೆಗೆ ಕಾರನ್ನು ಜೋರಾಗಿ ಓಡಿಸುವುದಿಲ್ಲವೆಂದು ಗಟ್ಟಿ ಮನಸ್ಸು ಮಾಡಿದಳು. ಗಾಳಿ ಪರೀಕ್ಷಿಸದೆ ಒಂದು ದಿನವೂ ಹೊರಡಲಿಲ್ಲ. ಅವಸರದ ಗಿರಾಕಿಗಳು ಬೇರೆ ಕಾರು ಹಿಡಿದರು. ಅವಳು ಬಗ್ಗಲಿಲ್ಲ.

ಒಂದು ಮಧ್ಯಾಹ್ನ ಕಾಯಿಲೆಯ ತಾಯಿಯೊಡನೆ ಮಗನೊಬ್ಬ ಕಾರು ಹತ್ತಿದ. ದಾರಿಯಲ್ಲಿ ಹಿಂದಿನಿಂದ ಬಂದ ಗಾಡಿಗಳೆಲ್ಲ ಮುಂದೆ ಹೋಗುವುದನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ.

"ಎತ್ತಿನ ಗಾಡಿಯೇ ವಾಸಿಯಿತ್ತಲ್ಲ ಅಕ್ಕ! ಸ್ವಲ್ಪ ಜೋರಾಗಿ ಓಡಿಸಬಾರದೇ?"

"ಮುಂದಿನ ಟೈರು ಹಳೆಯವು ಅಣ್ಣ. ಅವು ತಾಳುವಷ್ಟೇ ಓಡಿಸುತ್ತೇನೆ. ಒಪ್ಪಿಗೆಯಿಲ್ಲದಿದ್ದರೆ ಹೇಳಿ, ಮುಂದಿನ ಊರಿನಲ್ಲಿ ಬೇರೆ ಗಾಡಿ ಹತ್ತಿಸುತ್ತೇನೆ. ಬಾಡಿಗೆ ಬೇಡ."

ಮಗ ಸಿಡುಕಿದ. ತಾಯಿ, "ಸುಮ್ಮನೆ ಕೂತುಕೋ" ಎಂದಳು.

ಸೇತುವೆಯ ಮೇಲೆ ಮುಂದಿನ ಟೈರು ಒಡೆಯಿತು. ಕಾರು ತಡೆಗೋಡೆಯತ್ತ ಎಳೆಯಿತು. ಅವಳು ಬ್ರೇಕನ್ನು ಒಮ್ಮೆಲೇ ತುಳಿಯಲಿಲ್ಲ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಕಾರು ತಾನಾಗಿ ವೇಗ ಕಳೆದುಕೊಂಡು ಗೋಡೆಗೆ ಗೇಣು ದೂರದಲ್ಲಿ ನಿಂತಿತು. ಅವಳು ಇಳಿದು ಚಕ್ರ ಬದಲಿಸಿದಳು. ಮಗ ಅವಳ ತಲೆಯ ಮೇಲೆ ಟವೆಲಿನ ನೆರಳು ಹಿಡಿದು ನಿಂತ. ಆಸ್ಪತ್ರೆ ಮುಟ್ಟುವುದು ತಡವಾಯಿತು. ಆದರೂ ಮುಟ್ಟಿದರು.

ಶಿಷ್ಯನ ಮುಖ ಅರಳಿತು. "ಅಂತೂ ಒಳ್ಳೆಯ ಎರಡು ಟೈರು ಮೂವರನ್ನು ಉಳಿಸಿದವು!"

"ಹೊಸದನ್ನು ಯಾರಾದರೂ ನಂಬುತ್ತಾರೆ ಮಗು, ಅವಳು ಹಳೆಯದನ್ನು ಮರೆಯಲಿಲ್ಲ" ಎಂದರು ಗುರುಗಳು.

ಶಿಷ್ಯ ಎದ್ದು ಮಠದ ಕಾರಿನ ಹಳೆಯ ಟೈರುಗಳನ್ನು ನೋಡಲು ಹೋದ.