ಗಂಟಿನ ಗೊಂಬೆ

"ಗುರುಗಳೇ, ಜನ ತಿಳಿಯದೆ ತಾನೇ ಹೀಗೆ ಕ್ರೂರಿಗಳಾಗುವುದು? ತಿಳಿಸಿ ಹೇಳಿದರೆ ಸರಿಹೋಗುವುದಿಲ್ಲವೇ?"

ಶಿಷ್ಯ ಹೀಗೆ ಕೇಳಲು ಕಾರಣವಿತ್ತು. ಅಂದು ಮಧ್ಯಾಹ್ನ ಮಠದ ಊಟಕ್ಕೆ ಒಬ್ಬ ಪರಸ್ಥಳದವನು ಬಂದಿದ್ದ. ಅವನ ಮುಖ, ಕತ್ತು, ಕೈಗಳ ತುಂಬ ಗಂಟುಗಳಿದ್ದವು. ಕೆಲವು ಕಡಲೆಕಾಳಿನಷ್ಟು, ಕೆಲವು ನಿಂಬೆಹಣ್ಣಿನಷ್ಟು. ಅವನು ಕುಳಿತ ಕೂಡಲೇ ಅಕ್ಕಪಕ್ಕದವರು ಎದ್ದು ಬೇರೆ ಪಂಕ್ತಿಗೆ ಹೋದರು. ಶಿಷ್ಯನೇ ಹೋಗಿ ಅವನ ಪಕ್ಕದಲ್ಲಿ ಕುಳಿತು ಉಂಡ. ಎದ್ದು ಹೋದವರ ಮೇಲಿನ ಸಿಟ್ಟು ಅವನಿಗೆ ಸಂಜೆಯಾದರೂ ಇಳಿದಿರಲಿಲ್ಲ. ಊರೂರಿಗೆ ಹೋಗಿ ಈ ರೋಗದ ನಿಜ ಹೇಳಿ ಬರುತ್ತೇನೆ, ಅಪ್ಪಣೆ ಕೊಡಿ ಎಂದು ಬೇಡಿದ.

"ಹೋಗು. ಬೇಡವೆನ್ನುವುದಿಲ್ಲ" ಎಂದರು ಗುರುಗಳು. "ಹೋಗುವ ಮೊದಲು ಒಂದು ಕತೆ ಕೇಳಿಸಿಕೊಂಡು ಹೋಗು."

ಅವರು ಹೇಳಿದ ಕತೆ ಇದು.

ಒಬ್ಬ ತೊಗಲುಗೊಂಬೆ ಆಡಿಸುವವನಿದ್ದ. ಅವನ ಮೈಮೇಲೂ ಇಂಥವೇ ಗಂಟುಗಳು. ಹುಟ್ಟಿದಾಗ ಬೆನ್ನ ಮೇಲೆ ಚಹಾದ ಬಣ್ಣದ ಮಚ್ಚೆಗಳಿದ್ದವು, ಅಷ್ಟೆ. ಮೀಸೆ ಮೂಡುವ ವಯಸ್ಸಿಗೆ ಗಂಟುಗಳೂ ಮೂಡಿದವು, ಆಮೇಲೆ ನಿಲ್ಲಲಿಲ್ಲ. ಅವನ ತಾಯಿಗೂ ಅವು ಇದ್ದವು. ಆದರೆ ಕಸುಬು ಅವನ ಕೈಹಿಡಿದಿತ್ತು. ಗೊಂಬೆ ಆಡಿಸುವವನು ತೆರೆಯ ಹಿಂದೆ ಇರುತ್ತಾನೆ. ಜನ ನೋಡುವುದು ಗೊಂಬೆಯನ್ನು, ಕೇಳುವುದು ಅವನ ದನಿಯನ್ನು. ಅವನ ದನಿಗೆ ಊರಿಗೆ ಊರೇ ತಲೆದೂಗುತ್ತಿತ್ತು. ಬೆಳಗಾದರೆ ಅದೇ ಜನ ಅವನನ್ನು ಕಂಡು ದಾರಿ ಬದಲಿಸುತ್ತಿದ್ದರು. ಅವನು ಅದಕ್ಕೂ ಒಗ್ಗಿಹೋಗಿದ್ದ.

ಅವನಿಗೆ ಒಬ್ಬಳೇ ಮಗಳು, ತುಳಜವ್ವ. ಅವಳ ಬೆನ್ನ ಮೇಲೂ ಮಚ್ಚೆಗಳಿದ್ದವು. ಹುಡುಗಿ ಮೈನೆರೆದ ವರ್ಷ ಕತ್ತಿನ ಮೇಲೆ ಮೊದಲ ಗಂಟು ಎದ್ದಿತು, ಆಮೇಲೆ ಗಲ್ಲದ ಮೇಲೆ. ಆಗ ಅವರು ಮಳೆಗಾಲ ಕಳೆಯಲು ಒಂದು ಊರ ಅಂಚಿನಲ್ಲಿ ಬಿಡಾರ ಹೂಡಿದ್ದರು. ಬಾವಿಯ ಹತ್ತಿರ ಹೆಂಗಸರು ಅವಳಿಗೆ ಹಗ್ಗ ಮುಟ್ಟಬೇಡ ಎಂದರು. ಅವಳು ಕೊಡ ಇಟ್ಟು ದೂರ ನಿಲ್ಲಬೇಕು. ಯಾರಿಗಾದರೂ ಮನಸ್ಸು ಬಂದರೆ ಎತ್ತರದಿಂದ ನೀರು ಸುರಿಯುತ್ತಾರೆ. ಅರ್ಧ ಕೊಡಕ್ಕೆ ಬಿದ್ದರೆ ಅರ್ಧ ಮಣ್ಣಿಗೆ. ತನಗೆ ಆದದ್ದನ್ನೆಲ್ಲ ನುಂಗಿಕೊಂಡಿದ್ದ ಅಪ್ಪನಿಗೆ ಇದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ತನ್ನ ಮಗಳು ತನ್ನ ಕೈಯಾರೆ ನೀರು ಸೇದಬೇಕು. ಅವನಿಗೆ ಬೇಕಾಗಿದ್ದುದು ಅದೊಂದೇ.

ಮಗಳನ್ನು ಪಟ್ಟಣದ ದೊಡ್ಡ ವೈದ್ಯರ ಹತ್ತಿರ ಕರೆದುಕೊಂಡು ಹೋದ. ವೈದ್ಯರು ಒಳ್ಳೆಯವರು, ಬಿಡಿಸಿ ಹೇಳಿದರು. ಇದು ಮುಟ್ಟಿದರೆ ಬರುವುದಿಲ್ಲ, ಜೊತೆಗೆ ಉಂಡರೆ ಬರುವುದಿಲ್ಲ. ಯಾರ ಶಾಪವೂ ಅಲ್ಲ, ಯಾರ ಪಾಪವೂ ಅಲ್ಲ. ಹುಟ್ಟುವಾಗಲೇ ಮೈಯೊಳಗೆ ಬಂದಿರುತ್ತದೆ. ಹೆತ್ತವರಿಂದ ಮಕ್ಕಳಿಗೆ ಬರಬಹುದು, ಬಾರದೆಯೂ ಇರಬಹುದು. ಹೆತ್ತವರಿಗೆ ಇಲ್ಲದೆಯೂ ಕೆಲವರಲ್ಲಿ ಕಾಣಿಸುತ್ತದೆ. ಪೂರ್ತಿ ಗುಣವಾಗುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಅವನು ದಾರಿಯುದ್ದಕ್ಕೂ ಯೋಚಿಸಿದ. ಈ ಮಾತು ಊರಿಗೆ ಗೊತ್ತಾದರೆ ಸಾಕು, ಹಗ್ಗ ಮಗಳ ಕೈಗೆ ಬರುತ್ತದೆ. ಆದರೆ ತಾನು ಹೋಗಿ ನಿಂತರೆ ಕೇಳುವವರಿಲ್ಲ. ತನ್ನ ಮಾತನ್ನು ಜನ ಕೇಳುವುದು ತೆರೆಯ ಹಿಂದಿನಿಂದ. ಹಾಗಾದರೆ ಗೊಂಬೆಯೇ ಹೇಳಲಿ ಎಂದುಕೊಂಡ. ನೋಡು, ನಿನ್ನ ಹಾಗೆಯೇ ಯೋಚಿಸಿದ.

ಆಡಿನ ತೊಗಲು ತಂದು ಹದ ಮಾಡಿದ. ಒಂದು ಕೈಯಿಂದ ತನ್ನ ಮುಖ ಮುಟ್ಟಿ ನೋಡಿಕೊಳ್ಳುತ್ತ ಇನ್ನೊಂದು ಕೈಯಿಂದ ಗೆರೆ ಎಳೆದ. ಹಣೆಯ ಗಂಟು, ಮೂಗಿನ ಮೇಲಿನ ಗಂಟು, ಕತ್ತಿನ ಸಾಲು, ಯಾವುದನ್ನೂ ಬಿಡಲಿಲ್ಲ. ಮರ್ಯಾದಸ್ಥನಾಗಿ ಕಾಣಲೆಂದು ತಲೆಗೆ ಒಂದು ಕೆಂಪು ರುಮಾಲನ್ನು ಬೇರೆಯಾಗಿ ಕತ್ತರಿಸಿ ಹೊಲಿದ.

ಅವನ ಹೆಂಡತಿ ಆಟಕ್ಕೆ ಮದ್ದಳೆ ಬಾರಿಸುವವಳು. ಗೊಂಬೆ ನೋಡಿ ಅವಳು ಒಂದೇ ಮಾತು ಕೇಳಿದಳು.

"ನಮ್ಮ ಪೆಟಿಗ್ಯಾಗ ಸೊಟ್ಟ ಗೊಂಬಿ ಅಂದ್ರ ಒಂದೇ ಐತಿ. ಅದು ಬಂತಂದ್ರ ಮಂದಿ ಏನ್ ಮಾಡ್ತಾರ, ನಿಮಗ ಗೊತ್ತಿಲ್ಲೇನು?"

ಅವಳು ಹೇಳಿದ್ದು ನಿಜವಾಗಿತ್ತು. ಅವರ ಪೆಟ್ಟಿಗೆಯಲ್ಲಿ ದೇವರು, ರಾಜ, ರಾಣಿ ಎಲ್ಲರಿಗೂ ನೇರ ಮೂಗು, ನುಣುಪು ಕೆನ್ನೆ. ರಾಕ್ಷಸರಿಗೂ ಒಂದು ಠೀವಿ ಇತ್ತು. ಡೊಂಕು ಮೈಯದು ಹಾಸ್ಯದ ಗೊಂಬೆ ಮಾತ್ರ. ಅದು ಬರುವಾಗ ಮದ್ದಳೆಯಲ್ಲಿ ಬೇರೆಯೇ ಪೆಟ್ಟು ಬೀಳುತ್ತಿತ್ತು. ಅವನು ಅವಳ ಮಾತು ಕೇಳಲಿಲ್ಲ. ಇದು ನಗಿಸುವ ಗೊಂಬೆಯಲ್ಲ, ನಿಧಾನದ ಪೆಟ್ಟು ಹಾಕು ಎಂದು ಹೇಳಿಕೊಟ್ಟ. ಅವಳೂ ಆಗಲಿ ಎಂದಳು.

ಮಳೆ ಹಿಂದೆ ಸರಿದ ಮೇಲೆ ಆಟ ಇಟ್ಟರು. ಊರೆಲ್ಲ ಬಂದು ಕುಳಿತಿತ್ತು. ಗಂಟಿನ ಗೊಂಬೆ ತೆರೆಯ ಮೇಲೆ ಕಾಲಿಟ್ಟಿತು. ಅದು ಗಂಭೀರವಾಗಿ "ತಾಯಂದಿರೇ" ಎನ್ನಬೇಕು. ಆದರೆ ಡೊಂಕು ನೆರಳು ಕಂಡದ್ದೇ ತಡ, ಹೆಂಡತಿಯ ಕೈ ಅವಳ ಮಾತು ಕೇಳಲಿಲ್ಲ. ಚಿಕ್ಕಂದಿನಿಂದ ಬಾರಿಸಿದ ಪೆಟ್ಟು ತಾನಾಗಿ ಬಿದ್ದುಬಿಟ್ಟಿತು, ಡುಬುಕು ಡುಬುಕು ಎಂದು. ಆ ಪೆಟ್ಟು ಕೇಳಿದ ಕೂಡಲೇ ಅವನ ಮಣಿಕಟ್ಟೂ ತಾನಾಗಿ ಕುಣಿಯಿತು. ಮರ್ಯಾದಸ್ಥ ಗೊಂಬೆ ಕಪ್ಪೆಯ ಹಾಗೆ ಟಣ್ಣನೆ ಜಿಗಿಯಿತು. ಗಾಬರಿಯಲ್ಲಿ ಅವನು ಅದನ್ನು ಹಿಂದಕ್ಕೆ ಎಳೆದ. ಹೊಲಿಗೆ ಬಿಟ್ಟ ರುಮಾಲು ಜಾರಿ ಬಂದು ಮೂಗಿನ ಗಂಟಿಗೆ ಸಿಕ್ಕಿಕೊಂಡಿತು. ಗೊಂಬೆ ಎಡಕ್ಕೆ ತಿರುಗಿದರೆ ರುಮಾಲು ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ. ಅದೇ ಹೊತ್ತಿಗೆ ಒಳಗಿನಿಂದ ಅವನ ಆ ದೊಡ್ಡ ದನಿ, "ತಾಯಂದಿರೇ, ನಾನೂ ನಿಮ್ಮ ಹಾಗೆ ಮನುಷ್ಯ" ಎಂದಿತು. ಮುಂದೆ ಕುಳಿತಿದ್ದ ಮುದುಕನೊಬ್ಬ ನಗುತ್ತ ನಗುತ್ತ ಬಾಯಲ್ಲಿದ್ದ ಎಲೆಯಡಿಕೆಯನ್ನೇ ನುಂಗಿಬಿಟ್ಟ.

ಇಲ್ಲಿಗೆ ಬಂದಾಗ ಶಿಷ್ಯ ತಡೆಯಲಾರದೆ ಕಿಸಕ್ಕನೆ ನಕ್ಕ. ಗುರುಗಳು ಅವನ ನಗು ಮುಗಿಯುವವರೆಗೆ ಕಾದು ಕತೆ ಮುಂದುವರಿಸಿದರು.

ಒಮ್ಮೆ ಎದ್ದ ನಗು ಮತ್ತೆ ಕೂರಲಿಲ್ಲ. ಗೊಂಬೆ ವೈದ್ಯರ ಮಾತನ್ನೆಲ್ಲ ಒಂದೂ ಬಿಡದೆ ಹೇಳಿತು. ಮುಟ್ಟಿದರೆ ಬರುವುದಿಲ್ಲ ಎಂದಾಗ ನಕ್ಕರು. ಯಾರ ಪಾಪವೂ ಅಲ್ಲ ಎಂದಾಗ ನಕ್ಕರು. ಗೊಂಬೆ ಅತ್ತಾಗ ಹೊಟ್ಟೆ ಹಿಡಿದುಕೊಂಡರು. ಕೊನೆಗೆ ಅವನು ಗೊಂಬೆಯನ್ನು ಕೆಳಗಿಟ್ಟು, ಯಾವ ಆಟದಲ್ಲೂ ಮಾಡದ ಕೆಲಸ ಮಾಡಿದ. ತೆರೆ ಸರಿಸಿ ಮುಂದೆ ಬಂದು ನಿಂತ. ಗೊಂಬೆಯ ಮುಖವೂ ಅವನ ಮುಖವೂ ಒಂದೇ ಎಂಬುದು ಎಲ್ಲರಿಗೂ ಕಂಡಿತು. ಆಮೇಲೆ ಊರ ಹಿರಿಯನೊಬ್ಬ, ಕೆಟ್ಟವನೇನಲ್ಲ, ಪ್ರೀತಿಯಿಂದಲೇ ಹೇಳಿದ.

"ಭಾಳ ಚಲೋ ಆತು. ಒಂದ್ಸಲ ನೀನೂ ಆ ಗೊಂಬಿ ಜಿಗಿದಂಗ ಜಿಗಿದು ತೋರ್ಸಪ್ಪ."

ಮಂಗಳ ಹಾಡದೆ ದೀಪ ಆರಿಸುವುದು ಅವರ ಪದ್ಧತಿಯಲ್ಲ. ಅವನು ಹಿಂದೆ ಹೋಗಿ ಆಟ ಪೂರ್ತಿ ಮಾಡಿದ. ಅಂದಿನ ಅವನ ದನಿಯನ್ನೂ ಜನ ಮೆಚ್ಚಿದರು.

ಮರುದಿನ ಬೆಳಿಗ್ಗೆ ತುಳಜವ್ವ ಬಾವಿಗೆ ಹೋದಳು. ಹೆಂಗಸರು ತಾವಾಗಿಯೇ ಅವಳ ಕೈಗೆ ಹಗ್ಗ ಕೊಟ್ಟರು. ಅಂಟುವ ರೋಗವಲ್ಲವಂತೆ, ಸೇದಿಕೊಳ್ಳಲಿ ಎಂದರು. ಅಪ್ಪ ಬೇಡಿದ್ದು ಆಗಿಹೋಗಿತ್ತು. ಹುಡುಗಿ ಮೊದಲ ಬಾರಿ ತುಂಬಿದ ಕೊಡ ಹೊತ್ತು ಹೊರಟಳು. ಹಿಂದೆ ಮಕ್ಕಳ ಗುಂಪು ಬಂದಿತು. ಒಬ್ಬ ತಗಡು ಬಡಿಯುತ್ತ ಡುಬುಕು ಡುಬುಕು ಎಂದರೆ ಉಳಿದವರು ಕಪ್ಪೆಯ ಹಾಗೆ ಜಿಗಿಯುತ್ತಿದ್ದರು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆ ಹೊತ್ತಿನಿಂದ ಅವಳ ಹೆಸರು ಗಂಟವ್ವ ಎಂದಾಯಿತು. ಊಟಕ್ಕೆ ಕರೆದರೂ ಹಾಗೆಯೇ ಕರೆದರು.

ಬಿಡಾರಕ್ಕೆ ಬಂದು ಕೊಡ ಇಳಿಸಿ ಅವಳು ಅಪ್ಪನಿಗೆ ಹೇಳಿದಳು.

"ಅಪ್ಪಾ, ಮೊದಲ ನನ್ನ ಕಂಡ್ರ ಅಂಜತಿದ್ರು. ಅದ ಚಲೋ ಇತ್ತು."

ಅವನು ಗೊಂಬೆಯನ್ನು ಹೊಳೆಗೆ ಬಿಡಲು ಎತ್ತಿಕೊಂಡು ಹೊರಟ. ಬೇಡವಾದ ಗೊಂಬೆಗಳನ್ನು ಅವರು ಸುಡುವುದಿಲ್ಲ, ನೀರಿಗೆ ಬಿಡುತ್ತಾರೆ. ಹೊಳೆಯ ದಂಡೆಯಲ್ಲಿ ಪಕ್ಕದ ಊರಿನವರು ಎದುರಾದರು. ಸುದ್ದಿ ಆಗಲೇ ಅಲ್ಲಿಗೂ ಮುಟ್ಟಿತ್ತು. ನಮ್ಮೂರಿಗೂ ಬಾ, ಕತೆ ಯಾವುದಾದರೂ ಇರಲಿ, ಆ ಗಂಟಿನ ಗೊಂಬೆ ಮಾತ್ರ ಬೇಕೇ ಬೇಕು ಎಂದರು. ಮಳೆಗಾಲವೆಲ್ಲ ಅರೆಹೊಟ್ಟೆಯಲ್ಲಿ ಕಳೆದಿದ್ದ ಸಂಸಾರ ಅದು. ಅವನು ಗೊಂಬೆಯನ್ನು ಮತ್ತೆ ಕಂಕುಳಲ್ಲಿಟ್ಟುಕೊಂಡು ಬಂದ.

ಆಮೇಲೆ ಅವರು ಹೋದಲ್ಲೆಲ್ಲ ಗಂಟಿನ ಗೊಂಬೆ ಕುಣಿಯಿತು. ಹೋದಲ್ಲೆಲ್ಲ ಆ ರೋಗ ಅಂಟುವುದಿಲ್ಲ ಎಂಬುದು ಜನರಿಗೆ ಚೆನ್ನಾಗಿ ತಿಳಿಯಿತು. ತುಳಜವ್ವ ಹಗಲಿನಲ್ಲಿ ಹೊರಗೆ ಬರುವುದನ್ನು ಬಿಟ್ಟಳು. ಅವಳಿಗೆ ಉಳಿದದ್ದು ತೆರೆಯ ಹಿಂದಿನ ಜಾಗ. ಪೆಟ್ಟಿಗೆಯ ಪಕ್ಕ ಕುಳಿತು ಅಪ್ಪನ ಕೈಗೆ ಒಂದೊಂದೇ ಗೊಂಬೆ ಎತ್ತಿಕೊಡುವುದು ಅವಳ ಕೆಲಸ. ಗಂಟಿನ ಗೊಂಬೆಯನ್ನೂ ಅವಳೇ ಎತ್ತಿಕೊಡುತ್ತಿದ್ದಳು. ಕೊಡುವ ಮೊದಲು ರುಮಾಲಿನ ಹೊಲಿಗೆಯನ್ನು ಸಡಿಲ ಮಾಡಿ ಕೊಡುತ್ತಿದ್ದಳು. ಅದು ಜಾರದಿದ್ದರೆ ಜನ ಬೇಸರಪಡುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತ್ತು.

"ಎಂಥ ಜನ, ಗುರುಗಳೇ! ಅವನು ಅಷ್ಟು ಬಿಡಿಸಿ ಹೇಳಿದರೂ ನಕ್ಕರಲ್ಲ" ಎಂದ.

"ರೋಗದ ನಿಜವನ್ನು ನಿನಗೆ ನಾನು ಗೊಂಬೆ ಬರುವ ಮೊದಲೇ ಹೇಳಿದ್ದೆ, ಮಗು, ರುಮಾಲು ಜಾರಿದಾಗ ನೀನೂ ನಕ್ಕೆ."